ಮುಂದಿನ ಚಕ್ರದ ಬೇರಿಂಗು, ಸಸ್ಪೆನ್ಷನ್ ಸೌಂಡು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಹಾಸನದಲ್ಲಿ ಇರೋದು, ಮನೇಲಿ ಐದು ಜನ, 2014ರ ಒಂದು ಹ್ಯಾಚ್‌ಬ್ಯಾಕ್ ಇದೆ, ಅದು ಈಗ 1 ಲಕ್ಷ ಕಿ.ಮೀ. ದಾಟಿದೆ. ವರ್ಷಕ್ಕೆ ಐದಾರು ಸಲ ಶಿರಾಡಿ ಇಲ್ಲಾ ಚಾರ್ಮಾಡಿ ಘಾಟ್ ಇಳೀತೀವಿ, ಊರ ತೋಟದ ಮಣ್ಣು ರೋಡಲ್ಲೂ ಓಡಿಸ್ತೀವಿ. ಎರಡು ವರ್ಷದಲ್ಲಿ ಈ ಕಾರಿನ ಮುಂದಿನ ಭಾಗದಲ್ಲಿ ಕೆಡಬಹುದಾದ್ದೆಲ್ಲ ಹೆಚ್ಚುಕಮ್ಮಿ ಕೆಟ್ಟಿದೆ, ಒಂದೊಂದಕ್ಕೂ ಗ್ಯಾರೇಜಲ್ಲಿ ನಿಂತು ನೋಡಿದೀನಿ. ಅದಾದ್ಮೇಲೆ ನೆಂಟರು, ಫ್ರೆಂಡ್ಸು, ಆಫೀಸಿನವರು ಎಲ್ಲಾ ಅದೇ ಪ್ರಶ್ನೆ ಕೇಳ್ತಾರೆ, ಫೋನಲ್ಲಿ ಸೌಂಡ್ ರೆಕಾರ್ಡ್ ಮಾಡಿ ಕಳಿಸ್ತಾರೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟೆ.

ಪ್ರ: 50 ದಾಟಿದ್ರೆ ಗುಂಯ್ ಅಂತ ಸೌಂಡ್ ಬರುತ್ತೆ, ಸ್ಪೀಡ್ ಜಾಸ್ತಿ ಆದಂಗೆ ಅದೂ ಜಾಸ್ತಿ ಆಗುತ್ತೆ. ಇದು ಬೇರಿಂಗಾ?

ಇರಬಹುದು. ಬೇರಿಂಗ್ ಅಂದ್ರೆ ಚಕ್ರ ಸಲೀಸಾಗಿ ಸುತ್ತೋಕೆ ಅದರ ನಡುವೆ ಇರೋ ಪಾರ್ಟು, ಒಳಗಿನ ಹೊರಗಿನ ರಿಂಗುಗಳ ಮಧ್ಯೆ ಉಕ್ಕಿನ ಗುಂಡುಗಳು (ಬಾಲ್ಸ್) ಓಡ್ತಿರುತ್ತೆ. ಆದ್ರೆ ಮೊದಲು ಇಂಜಿನ್ ಸೌಂಡ್ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಖಾಲಿ ರೋಡಲ್ಲಿ, ಹಿಂದೆ ಯಾರೂ ಇಲ್ದಾಗ, 60ರಲ್ಲಿ ಹೋಗ್ತಾ ಒಂದು ಗೇರ್ ಕೆಳಗೆ ಹಾಕಿ ನೋಡಿ. ಸ್ಪೀಡ್ ಅಷ್ಟೇ ಇದ್ದು ಇಂಜಿನ್ ಮಾತ್ರ ಜಾಸ್ತಿ ಸುತ್ತುತ್ತೆ. ಆಗ್ಲೂ ಆ ಗುಂಯ್ ಸೌಂಡ್ ಹಂಗೇ ಇದ್ರೆ ಅದು ಚಕ್ರದ ಕಡೆಯಿಂದ ಬರ್ತಿದೆ, ಇಂಜಿನ್ ಜೊತೆ ಏರಿದ್ರೆ ಬೇರೆ ಕಥೆ. ಬೇರಿಂಗ್ ಸೌಂಡ್ ದೂರದಲ್ಲಿ ಹಿಟ್ಟಿನ ಗಿರಣಿ ಓಡ್ತಿರೋ ಥರ ಇರುತ್ತೆ, ಒಂದೇ ಸಮನೆ, ರೋಡ್ ನುಣುಪಾಗಿದ್ರೂ ಇರುತ್ತೆ. ಶುರೂಲಿ 70 ಆದ್ಮೇಲೆ ಮಾತ್ರ ಕೇಳ್ಸುತ್ತೆ, ನಾವು ಎಫ್‌ಎಂ ವಾಲ್ಯೂಮ್ ಜಾಸ್ತಿ ಮಾಡ್ಕೊಂಡು ಹೋಗ್ತಾ ಇರ್ತೀವಿ, ಆಮೇಲೆ 40ಕ್ಕೇ ಕೇಳ್ಸೋಕೆ ಶುರುವಾಗುತ್ತೆ.

ಪ್ರ: ಟೈರ್ ಸೌಂಡ್ ಕೂಡ ಹಂಗೇ ಇರುತ್ತಲ್ಲ, ಹೆಂಗೆ ಗೊತ್ತಾಗೋದು?

ಇದು ಬಹಳ ಮುಖ್ಯವಾದ ಪ್ರಶ್ನೆ, ಯಾಕಂದ್ರೆ ನಾನು ದುಡ್ಡು ಕಳ್ಕೊಂಡಿದ್ದು ಇಲ್ಲೇ. ನಮ್ಮ ಕಾರಲ್ಲಿ ಸೌಂಡ್ ಬಂದಾಗ ಒಂದು ಟೈರ್ ಅಂಗಡೀಲಿ ಟೈರ್ ಮೇಲೆ ಕೈ ಆಡಿಸಿ, ಇದು ಏರುಪೇರಾಗಿ ಸವೆದಿದೆ ಸಾರ್, ಅದೇ ಸೌಂಡು ಅಂದ್ರು, ಮುಂದಿನ ಎರಡೂ ಹೊಸ ಟೈರ್ ಹಾಕ್ಸಿದೆ. ಮನೆಗೆ ಬರೋ ಅಷ್ಟರಲ್ಲೇ ಗೊತ್ತಾಯ್ತು ಸೌಂಡ್ ಒಂಚೂರೂ ಕಮ್ಮಿ ಆಗಿಲ್ಲ ಅಂತ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು.

ಈಗ ನಾನು ಮಾಡೋದು ಇಷ್ಟು. ಟೈರ್ ಸೌಂಡ್ ರೋಡ್ ಜೊತೆ ಬದಲಾಗುತ್ತೆ, ಕಾಂಕ್ರೀಟ್ ರೋಡಲ್ಲಿ ಒಂಥರ, ಹೊಸ ಡಾಂಬರಲ್ಲಿ ಒಂಥರ. ಬೇರಿಂಗ್ ಸೌಂಡಿಗೆ ರೋಡ್ ಯಾವುದಾದ್ರೂ ಅಷ್ಟು ವ್ಯತ್ಯಾಸ ಇಲ್ಲ. ಎರಡನೇದು, ಟೈರ್ ಮೇಲೆ ಅಂಗೈ ಇಟ್ಟು ಒಂದ್ಸಲ ಒಳಗಿಂದ ಹೊರಕ್ಕೆ, ಒಂದ್ಸಲ ಹೊರಗಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಥರ ತಗುಲಿದ್ರೆ ಟೈರ್ ಸೌಂಡ್ ಬರೋ ಚಾನ್ಸ್ ಇದೆ. ಆದ್ರೂ ಟೈರ್ ಕೊಳ್ಳೋ ಮುಂಚೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕ್ಸಿ ಒಂದು ರೌಂಡ್ ಹೋಗ್ಬನ್ನಿ. ಸೌಂಡ್ ಹಿಂದಕ್ಕೆ ಹೋದ್ರೆ ಟೈರು, ಮುಂದೇನೇ ಉಳಿದ್ರೆ ಬೇರಿಂಗು. ಇದಕ್ಕೆ ಅರ್ಧ ಗಂಟೆ ಲೇಬರ್ ಸಾಕು, ಎರಡು ಟೈರಿನ ದುಡ್ಡು ಉಳಿಯುತ್ತೆ.

ಪ್ರ: ಯಾವ ಕಡೆ ಬೇರಿಂಗ್ ಹೋಗಿದೆ ಅಂತ ಓಡಿಸ್ತಾನೇ ಗೊತ್ತಾಗುತ್ತಾ?

ಹೆಚ್ಚಿನ ಸಲ ಗೊತ್ತಾಗುತ್ತೆ. ಕಾರು ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತೆ, ನೀವೇ ಬಲಕ್ಕೆ ವಾಲ್ತೀರಲ್ಲ ಹಂಗೆ. ಸೋ ಎಡಕ್ಕೆ ತಿರುಗಿಸಿದಾಗ ಸೌಂಡ್ ಜಾಸ್ತಿ ಆದ್ರೆ ಬಲಗಡೆ ಬೇರಿಂಗ್, ಬಲಕ್ಕೆ ತಿರುಗಿಸಿದಾಗ ಜಾಸ್ತಿ ಆದ್ರೆ ಎಡಗಡೆದು. ಅಗಲವಾದ ಖಾಲಿ ರೋಡಲ್ಲಿ ನಿಧಾನವಾಗಿ ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಹೋದ್ರೆ ಸಾಕು, ಜೋರಾಗಿ ಎಳೆದಾಡೋದು ಬೇಡ. ನಮ್ಮ ಕಾರಿಂದು ನಂಗೆ ಗೊತ್ತಾಗಿದ್ದು ಶಿರಾಡೀಲಿ, ದೋಣಿಗಲ್ ದಾಟಿ ಇಳೀತಾ ಎಡಗಡೆ ತಿರುವು ಬಂದಾಗೆಲ್ಲ ಗೊಂಯ್ಯ್ ಅಂತ ಏರೋದು, ಬಲಗಡೆ ತಿರುವಲ್ಲಿ ಪೂರ್ತಿ ಸೈಲೆಂಟು. ಹಿಂದೆ ಕೂತಿದ್ದ ಅಮ್ಮನೇ ಮೊದಲು ಹೇಳಿದ್ದು, ಒಂದು ಕಡೆ ತಿರುಗಿದ್ರೆ ಮಾತ್ರ ಕೂಗುತ್ತಲ್ಲೋ ಇದು ಅಂತ. ಇದನ್ನೊಂದನ್ನೇ ನಂಬಿ ಬಿಚ್ಚಿಸ್ಬೇಡಿ, ಒಂದೊಂದ್ಸಲ ಉಲ್ಟಾನೂ ಆಗುತ್ತೆ, ಜಾಕಿ ಹಾಕಿ ಕೈಯಲ್ಲಿ ನೋಡಿದ ಮೇಲೇ ಪಕ್ಕಾ.

ಪ್ರ: ಜಾಕಿ ಹಾಕಿ ಮನೇಲೇ ನೋಡೋದು ಹೆಂಗೆ?

ಮೊದಲು ಸೇಫ್ಟಿ, ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ ದಯವಿಟ್ಟು. ಗಟ್ಟಿ ಸಮತಟ್ಟಾದ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು. ಡಿಕ್ಕೀಲಿ ಬರೋ ಜಾಕಿ ಸ್ಟೆಪ್ನಿ ಬದಲಾಯಿಸೋಕಷ್ಟೇ ಇರೋದು, ಅದರ ಭರವಸೆ ಮೇಲೆ ಕೈ ಕಾಲು ತಲೆ ಯಾವುದನ್ನೂ ಕಾರಿನ ಕೆಳಗೆ ಹಾಕ್ಬೇಡಿ. ಸ್ಟ್ಯಾಂಡ್ ಇದ್ರೆ ಒಳ್ಳೇದು, ಇಲ್ದಿದ್ರೆ ಸ್ಟೆಪ್ನೀನ ಮಲಗಿಸಿ ಬಾಗಿಲ ಕೆಳಗಿನ ಪಟ್ಟಿ ಅಡಿಗೆ ತಳ್ಳಿಡಿ, ಜಾಕಿ ಜಾರಿದ್ರೂ ಕಾರು ಅದರ ಮೇಲೆ ಕೂರುತ್ತೆ.

ಚಕ್ರ ಬಿಚ್ಚಬೇಕಿಲ್ಲ. ನ್ಯೂಟ್ರಲ್ ಮಾಡಿ ಚಕ್ರವನ್ನ ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗ್ ಚೆನ್ನಾಗಿದ್ರೆ ಸ್ಪ್ರಿಂಗಲ್ಲಿ ಏನೂ ಗೊತ್ತಾಗಲ್ಲ. ಹೋಗಿದ್ರೆ ಕೈಗೆ ಗರಗರ ಅಂತ ಸಣ್ಣಗೆ ಬಡಿಯುತ್ತೆ, ಬೀಸೋಕಲ್ಲಲ್ಲಿ ಮರಳು ಸಿಕ್ಕಿದ ಥರ. ಕಿವಿಗಿಂತ ಇಲ್ಲಿ ಕೈ ವಾಸಿ. ಬ್ರೇಕ್ ಪ್ಯಾಡ್ ಸವರೋ ಸೌಂಡ್ ಒಂದು ಶ್ ಶ್ ಅಂತ ಬರುತ್ತೆ, ಅದು ಮಾಮೂಲಿ, ಅದಕ್ಕೆ ಗಾಬರಿ ಬೇಡ.

ಆಮೇಲೆ ಚಕ್ರವನ್ನ ಗಡಿಯಾರ ಅಂದ್ಕೊಂಡು 12 ಮತ್ತೆ 6ರಲ್ಲಿ ಹಿಡಿದು ಒಂದನ್ನ ಎಳೆದು ಒಂದನ್ನ ತಳ್ಳಿ. ಆಟ ಇದ್ರೆ, ಅಂದ್ರೆ ಪ್ಲೇ ಇದ್ರೆ, ಟಕ್ ಟಕ್ ಅನ್ನುತ್ತೆ. ಅದೇ ಟೈಮಲ್ಲಿ ಒಳಗೆ ಒಬ್ಬರನ್ನ ಕೂರಿಸಿ ಬ್ರೇಕ್ ಒತ್ತಿಸಿ. ಬ್ರೇಕ್ ಒತ್ತಿದಾಗ ಆಟ ಮಾಯ ಆದ್ರೆ ಬೇರಿಂಗ್, ಒತ್ತಿದ್ರೂ ಇದ್ರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನ ಕೆಳಗಿನ ಆರ್ಮಿಗೆ ಸೇರಿಸೋ ಗುಂಡು ಕೀಲು) ಕಡೆ ನೋಡ್ಬೇಕು. 3 ಮತ್ತೆ 9ರಲ್ಲಿ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಬಂದ್ರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್, ಅಂದ್ರೆ ಸ್ಟೀರಿಂಗಿಂದ ಚಕ್ರಕ್ಕೆ ಬರೋ ಕಡ್ಡಿಯ ಹೊರಗಿನ, ಒಳಗಿನ ಕೀಲು. ಇನ್ನೊಂದು ವಿಷ್ಯ, ಪ್ಲೇ ಇಲ್ಲ ಅಂದ್ರೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ. ನಂದು ಒಂಚೂರೂ ಅಲ್ಲಾಡ್ತಿರಲಿಲ್ಲ, ಆದ್ರೂ ಒಳಗೆ ಪೂರ್ತಿ ಹೋಗಿತ್ತು.

ಪ್ರ: ಗ್ರೀಸ್ ಹಾಕಿದ್ರೆ ಸರಿ ಹೋಗಲ್ವಾ? ಹಿಂದೆಲ್ಲ ಹಂಗೇ ಮಾಡ್ತಿದ್ರು.

ಹಿಂದೆ ಟೇಪರ್ ಬೇರಿಂಗ್ (ಬಾಲ್ಸ್ ಬದಲು ಓರೆ ರೋಲರ್ ಇರೋದು) ಇತ್ತು, ಕ್ಯಾಪ್ ತೆಗೆದು ಸ್ಪ್ಲಿಟ್ ಪಿನ್ ಬಿಚ್ಚಿ ತೊಳೆದು ಗ್ರೀಸ್ ತುಂಬಿ ನಟ್ ಅಡ್ಜಸ್ಟ್ ಮಾಡಿ ಮತ್ತೆ ಹಾಕೋರು. ಈಗಿನ ಫ್ಯಾಮಿಲಿ ಕಾರುಗಳ ಮುಂದಿನ ಚಕ್ರದಲ್ಲಿ ಇರೋದು ಎರಡು ಸಾಲು ಬಾಲ್ಸ್ ಇರೋ ಸೀಲ್ ಆದ ಬೇರಿಂಗ್, ಗ್ರೀಸ್ ಫ್ಯಾಕ್ಟರಿಲೇ ತುಂಬಿ ಎರಡೂ ಕಡೆ ಸೀಲ್ ಮುಚ್ಚಿರ್ತಾರೆ, ಜೀವಮಾನಕ್ಕೆ ಅಷ್ಟೇ. ಸೌಂಡ್ ಶುರುವಾಯ್ತು ಅಂದ್ರೆ ಒಳಗಿನ ಟ್ರ್ಯಾಕಲ್ಲಿ ಆಗ್ಲೇ ಚಕ್ಕೆ ಎದ್ದಿರುತ್ತೆ, ಅದಕ್ಕೆ ಗ್ರೀಸ್ ಹಾಕಿದ್ರೆ ಏನೂ ಆಗಲ್ಲ. ಬದಲಾಯಿಸೋದೊಂದೇ ದಾರಿ.

ಪ್ರ: 40 ಸಾವಿರಕ್ಕೇ ಹೋಯ್ತು, ಫ್ರೆಂಡಿಂದು 1.5 ಲಕ್ಷ ಆದ್ರೂ ಏನೂ ಆಗಿಲ್ಲ, ಯಾಕೆ?

ನೀರು ಒಂದು, ಗುಂಡಿ ಇನ್ನೊಂದು. ಓಡಿ ಬಂದ ಕಾರಲ್ಲಿ ಹಬ್ (ಚಕ್ರ ಬೋಲ್ಟ್ ಆಗೋ ನಡುಭಾಗ) ಬಿಸಿ ಇರುತ್ತೆ, ಅದನ್ನ ಹಂಗೇ ನಿಂತ ನೀರಿಗೆ ಇಳಿಸಿದ್ರೆ ಪಟ್ ಅಂತ ತಣ್ಣಗಾಗುತ್ತೆ, ಒಳಗಿನ ಗಾಳಿ ಕುಗ್ಗಿ ಸೀಲ್ ಸಂದೀಲಿ ನೀರು ಎಳ್ಕೊಳ್ಳುತ್ತೆ. ಹೊಸ ಸೀಲ್ ತಡ್ಕೊಳ್ಳುತ್ತೆ, ಹಳೇದು ತಡ್ಕೊಳ್ಳಲ್ಲ. ಮಳೆಗಾಲ ಮುಗಿದ ಒಂದೆರಡು ತಿಂಗಳಿಗೆ ಗ್ಯಾರೇಜಲ್ಲಿ ಬೇರಿಂಗ್ ಕೆಲಸ ಜಾಸ್ತಿ ಬರುತ್ತೆ ಅಂತ ನಮ್ಮ ಮೆಕ್ಯಾನಿಕ್ ಅಣ್ಣ ಹೇಳ್ತಿರ್ತಾರೆ. ಗುಂಡಿಗೆ ಧಡ್ ಅಂತ ಬಿದ್ದಾಗ ಬಾಲ್ಸ್ ಟ್ರ್ಯಾಕಿಗೆ ಬಡಿದು ಸಣ್ಣ ಸಣ್ಣ ತಗ್ಗು ಬೀಳುತ್ತೆ, ಅವತ್ತು ಏನೂ ಗೊತ್ತಾಗಲ್ಲ, ಕೆಲವು ಸಾವಿರ ಕಿ.ಮೀ. ಆದ್ಮೇಲೆ ಕೂಗೋಕೆ ಶುರುವಾಗುತ್ತೆ. ಅಗಲ ಟೈರು, ಹೊರಗೆ ಚಾಚಿದ ಅಲಾಯ್, ಸ್ಪೇಸರ್ ಇವೆಲ್ಲ ಹಾಕಿಸಿದ್ರೆ ಭಾರ ಬೇರಿಂಗಿನ ಮಧ್ಯಕ್ಕೆ ಬೀಳದೆ ಹೊರಗೆ ಜಗ್ಗುತ್ತೆ, ಅದೂ ಒಂದು ಕಾರಣ.

ಪ್ರ: ಸೌಂಡ್ ಬರ್ತಿದೆ ಆದ್ರೆ ಮುಂದಿನ ತಿಂಗಳು ಮಾಡಿಸ್ತೀನಿ, ಓಡಿಸಬಹುದಾ?

ಸೌಂಡ್ ಈಗಷ್ಟೇ ಶುರು, ಆಟ ಇಲ್ಲ, ಊರೊಳಗೆ ಓಡಾಟ ಅಂದ್ರೆ ವಾರ ಹತ್ತು ದಿನದಲ್ಲಿ ಟೈಮ್ ಮಾಡ್ಕೊಂಡು ಮಾಡಿಸಿ. ತಿಂಗಳುಗಟ್ಟಲೆ ಎಳೀಬೇಡಿ. ಆಟ ಬಂದಿದ್ರೆ, ಸ್ಟೀರಿಂಗ್ ನಡುಗ್ತಿದ್ರೆ, ಬ್ರೇಕ್ ಒತ್ತಿದಾಗ ಪೆಡಲ್ ಮೊದಲಿಗಿಂತ ಕೆಳಗೆ ಹೋಗ್ತಿದ್ರೆ ಅವತ್ತೇ ನಿಲ್ಲಿಸಿ. ಡಿಸ್ಕ್ ಹಬ್ ಜೊತೆ ವಾಲಾಡಿ ಪ್ಯಾಡುಗಳನ್ನ ಹಿಂದಕ್ಕೆ ತಳ್ಳಿಬಿಡುತ್ತೆ, ಅದಕ್ಕೇ ಪೆಡಲ್ ಹಂಗೆ ಹೋಗೋದು. ಬೇರಿಂಗ್ ಬಿಸಿಯಾಗಿ ಜಾಮ್ ಆದ್ರೆ ಹಬ್ಬೂ ಹಾಳಾಗುತ್ತೆ, ಒಂದೂವರೆ ಸಾವಿರದ ಪಾರ್ಟು ಉಳಿಸೋಕೆ ಹೋಗಿ ಹಬ್ಬು, ನಕಲ್ಲು (ಬೇರಿಂಗ್ ಕೂರೋ ಲೋಹದ ಗೂಡು) ಎಲ್ಲಾ ಸೇರಿಸಿ ಕಟ್ಟಬೇಕಾಗುತ್ತೆ. ಮಕ್ಕಳನ್ನ ಕೂರಿಸ್ಕೊಂಡು ಘಾಟ್ ಇಳಿಯೋ ಪ್ಲ್ಯಾನ್ ಇದ್ರೆ ಅದನ್ನ ಮುಂದಕ್ಕೆ ಹಾಕಿ.

ಪ್ರ: ಹೊಸ ಬೇರಿಂಗ್ ಹಾಕಿಸಿ ಮೂರೇ ತಿಂಗಳು, ಮತ್ತೆ ಅದೇ ಸೌಂಡ್. ಪಾರ್ಟ್ ಡೂಪ್ಲಿಕೇಟಾ?

ಇರಬಹುದು, ಆದ್ರೆ ಅದಕ್ಕಿಂತ ಜಾಸ್ತಿ ಆಗೋದು ಹಾಕೋದ್ರಲ್ಲಿ ತಪ್ಪು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ನಾನು ಕಣ್ಣಾರೆ ನೋಡಿದ್ದು.

ಟೈರ್ ಬದಲಾಯಿಸಿಯೂ ಸೌಂಡ್ ಹೋಗದೆ ಇದ್ದಾಗ ಒಂದು ಚಿಕ್ಕ ಗ್ಯಾರೇಜಿಗೆ ಕೊಟ್ಟೆ. ಅವರ ಹತ್ರ ಪ್ರೆಸ್, ಅಂದ್ರೆ ಬೇರಿಂಗನ್ನ ಸಮನಾಗಿ ಒತ್ತಿ ಕೂರಿಸೋ ಮಷೀನು, ಇರಲಿಲ್ಲ. ನಕಲ್ ಬಿಚ್ಚಿ ನೆಲದ ಮೇಲಿಟ್ಟು, ಹಳೇ ಬೇರಿಂಗನ್ನ ಉಳಿ ಸುತ್ತಿಗೇಲಿ ಬಡಿದು ತೆಗೆದ್ರು. ಹೊಸದನ್ನ ಕೂರಿಸಿ ಅದರ ಮೇಲೆ ಹಳೇ ಬೇರಿಂಗ್ ಇಟ್ಟು ಅದರ ಮೇಲೆ ಸುತ್ತಿಗೆ. ಠಣ್ ಠಣ್ ಅಂತ ಹೊಡೆದಾಗೆಲ್ಲ ನಂಗೆ ಒಂಥರ ಆಗ್ತಿತ್ತು, ಆದ್ರೆ ಅವರಿಗೆ ಗೊತ್ತಿರುತ್ತೆ ಅಂತ ಸುಮ್ಮನಿದ್ದೆ. ಕಾರು ಹೊರಟಾಗ ಸೈಲೆಂಟು, ಖುಷಿ ಆಯ್ತು. 3,000 ಕಿ.ಮೀ. ಆಗೋ ಅಷ್ಟರಲ್ಲಿ ಮತ್ತೆ ಗುಂಯ್.

ಎರಡನೇ ಸಲ ಲೇತ್ ವರ್ಕ್‌ಶಾಪ್ ಪಕ್ಕ ಇರೋ ಇನ್ನೊಂದು ಗ್ಯಾರೇಜಿಗೆ ಹೋದೆ, ಅಲ್ಲಿ ಹೈಡ್ರಾಲಿಕ್ ಪ್ರೆಸ್ ಇದೆ. ಅಲ್ಲಿನ ಅಣ್ಣ ಹೋದ ಬೇರಿಂಗನ್ನ ಬಿಚ್ಚಿ, ಒಳಗಿನ ರಿಂಗನ್ನ ಬಟ್ಟೇಲಿ ಒರೆಸಿ ಬಿಸಿಲಿಗೆ ಹಿಡಿದು ತೋರಿಸಿದ್ರು. ಬಾಲ್ಸ್ ಓಡೋ ಹಾದೀಲಿ ಒಂದೇ ಅಳತೆ ದೂರದಲ್ಲಿ ಸಾಲಾಗಿ ಚುಕ್ಕೆ ಚುಕ್ಕೆ, ಪಡ್ಡಿನ ಹಂಚಿನ ಗುಳಿ ಥರ ಆದ್ರೆ ಉಗುರಿಗೆ ಮಾತ್ರ ಸಿಗೋವಷ್ಟು. ಒಂದೊಂದು ಬಾಲ್ ಇದ್ದ ಜಾಗದಲ್ಲಿ ಒಂದೊಂದು ಗುರುತು. ಓಡಿ ಸವೆದದ್ದಾದ್ರೆ ಹಾದಿ ಉದ್ದಕ್ಕೂ ಸವೀತಿತ್ತು, ಇದು ಹೊಡೆದು ಕೂರಿಸ್ದಾಗಲೇ ಆಗಿದ್ದು ಅಂದ್ರು. ಅಂದ್ರೆ ಆ ಬೇರಿಂಗ್ ನಮ್ಮ ಕಾರಿಗೆ ಸೇರಿದ ದಿನಾನೇ ಸತ್ತಿತ್ತು.

ರೂಲ್ ಸಿಂಪಲ್. ನಕಲ್ ಒಳಗೆ ಬೇರಿಂಗ್ ತೂರಿಸ್ಬೇಕಾದ್ರೆ ಹೊರಗಿನ ರಿಂಗ್ ಮೇಲೆ ಮಾತ್ರ ಒತ್ತಬೇಕು. ಬೇರಿಂಗ್ ಒಳಗೆ ಹಬ್ ತೂರಿಸ್ಬೇಕಾದ್ರೆ ಹಿಂದಿನಿಂದ ಒಳಗಿನ ರಿಂಗಿಗೆ ಆಧಾರ ಕೊಟ್ಟು ಒತ್ತಬೇಕು. ಒತ್ತೋ ಜೋರು ಬಾಲ್ಸ್ ಮೂಲಕ ದಾಟಬಾರದು, ಅಷ್ಟೇ. ಹಬ್ ಹೊರಗೆ ತೆಗೆದಾಗ ಒಳಗಿನ ಒಂದು ರಿಂಗ್ ಹಬ್ಬಿಗೇ ಕಚ್ಕೊಂಡು ಬರುತ್ತೆ, ಅದನ್ನ ಪುಲ್ಲರಲ್ಲಿ ತೆಗೀಬೇಕು, ಇಲ್ಲಾ ಗ್ರೈಂಡರಲ್ಲಿ ಹುಷಾರಾಗಿ ಕೊಯ್ದು ಸೀಳ್ಬೇಕು, ಹಬ್ಬಿಗೆ ಗೀರು ಬಿದ್ರೆ ಹೊಸ ಬೇರಿಂಗ್ ಸರಿ ಕೂರಲ್ಲ. ಒಂದು ಸಲ ಪ್ರೆಸ್ಸಲ್ಲಿ ಹೊರಗೆ ತೆಗೆದ ಬೇರಿಂಗನ್ನ ಮತ್ತೆ ಹಾಕೋ ಹಾಗಿಲ್ಲ, ಚೆನ್ನಾಗಿ ಕಂಡ್ರೂ ಸಹ. ಸರ್ಕ್ಲಿಪ್ (ಬೇರಿಂಗ್ ಹೊರಗೆ ಬರದಂಗೆ ತಡೆಯೋ ರಿಂಗ್) ಅದರ ಗ್ರೂವಲ್ಲಿ ಪೂರ್ತಿ ಕೂತಿದ್ಯಾ ಅಂತಾನೂ ನೋಡಿ.

ಕೊನೇದು ಆಕ್ಸಲ್ ನಟ್, ಹಬ್ ನಡುವೆ ಇರೋ ದೊಡ್ಡ ನಟ್ಟು. ಇದನ್ನ ಏರ್ ಗನ್ನಲ್ಲಿ ಟರ್ರ್ ಅಂತ ಬಿಗಿದು ಮುಗಿಸ್ತಾರೆ, ಅದು ತಪ್ಪು. ಬೇರಿಂಗಿನ ಒಳಗಿನ ಎರಡು ರಿಂಗ್ ಸರಿಯಾಗಿ ಒತ್ತಿ ಹಿಡಿಯೋದೇ ಆ ನಟ್ಟು, ಜಾಸ್ತಿ ಆದ್ರೂ ಕಷ್ಟ ಕಮ್ಮಿ ಆದ್ರೂ ಕಷ್ಟ. ಟಾರ್ಕ್ ರೆಂಚಲ್ಲಿ (ಎಷ್ಟು ಬಿಗಿ ಆಯ್ತು ಅಂತ ಅಳೆಯೋ ಸ್ಪ್ಯಾನರ್) ನಿಮ್ಮ ಕಾರಿನ ಮ್ಯಾನ್ಯುಯಲಲ್ಲಿ ಇರೋ ಅಳತೆಗೆ ಬಿಗಿಸಿ. ಅಂಚು ತಟ್ಟಿ ಲಾಕ್ ಮಾಡೋ ನಟ್ ಆದ್ರೆ ಪ್ರತಿ ಸಲ ಹೊಸದೇ ಹಾಕ್ಬೇಕು, ಅದಕ್ಕೆ ದೊಡ್ಡ ದುಡ್ಡೇನಿಲ್ಲ. ಆ ನಟ್ ಬಿಗಿಯಾಗೋ ಮುಂಚೆ ಕಾರನ್ನ ಚಕ್ರದ ಮೇಲೆ ಇಳಿಸಿ ತಳ್ಳೋದೂ ಮಾಡಬಾರದು, ಭಾರ ಬಿದ್ರೆ ಹೊಸ ಬೇರಿಂಗ್ ಅಲ್ಲೇ ಹಾಳು.

ನಂಗೆ ಎರಡನೇ ಸಲ ಬೇರಿಂಗಿಗೆ 1,450, ಪ್ರೆಸ್ಸು ಲೇಬರ್ ಸೇರಿ 1,200 ಆಯ್ತು. ಆಗಿ 28,000 ಕಿ.ಮೀ. ಓಡಿದೆ, ಸೌಂಡಿಲ್ಲ.

ಪ್ರ: ಬೇರಿಂಗ್ ಹಾಕಿಸಿದ ಮೇಲೆ ಎಬಿಎಸ್ ಲೈಟ್ ಬಂದಿದೆ.

ಎಬಿಎಸ್ ಅಂದ್ರೆ ಜೋರಾಗಿ ಬ್ರೇಕ್ ಹೊಡೆದಾಗ ಚಕ್ರ ಜಾಮ್ ಆಗಿ ಜಾರದಂಗೆ ನೋಡ್ಕೊಳ್ಳೋ ಸಿಸ್ಟಮ್, ಅದಕ್ಕೆ ಚಕ್ರ ಎಷ್ಟು ಸ್ಪೀಡಲ್ಲಿ ತಿರುಗ್ತಿದೆ ಅಂತ ಗೊತ್ತಾಗ್ಬೇಕು. ತುಂಬಾ ಕಾರುಗಳಲ್ಲಿ ಬೇರಿಂಗಿನ ಒಂದು ಕಡೆ ಸೀಲಲ್ಲೇ ಮ್ಯಾಗ್ನೆಟ್ ರಿಂಗ್ ಇರುತ್ತೆ, ಸೆನ್ಸರ್ ಓದೋದು ಅದನ್ನೇ. ಆ ಕಡೆ ಸೀಲ್ ಸಾಮಾನ್ಯವಾಗಿ ಗಾಢ ಬಣ್ಣ ಇರುತ್ತೆ, ಅದು ಸೆನ್ಸರ್ ಕಡೆಗೇ ಬರ್ಬೇಕು. ಉಲ್ಟಾ ಹಾಕಿದ್ರೆ ಚಕ್ರ ತಿರುಗ್ತಿರೋದೇ ಕಂಪ್ಯೂಟರಿಗೆ ಗೊತ್ತಾಗಲ್ಲ. ಉಲ್ಟಾ ಆಗಿದ್ರೆ ತೆಗೆದು ತಿರುಗಿಸಿ ಹಾಕೋಕೂ ಆಗಲ್ಲ, ಹೊಸದೇ ಬೇಕು, ಆ ಖರ್ಚು ಹಾಕಿದವರದ್ದು, ನೇರವಾಗಿ ಕೇಳಿ. ಒಂದೊಂದ್ಸಲ ಸೆನ್ಸರ್ ವೈರ್ ಎಳೆದು ಕಿತ್ತಿರ್ತಾರೆ, ಮೊದಲು ಅದನ್ನ ನೋಡಿಸಿ.

ಪ್ರ: ಎರಡೂ ಕಡೆ ಒಟ್ಟಿಗೆ ಹಾಕಿಸ್ಬೇಕಾ?

ಬೇರಿಂಗ್ ಆದ್ರೆ ಬೇಕಿಲ್ಲ, ಹೋಗಿರೋ ಕಡೆ ಮಾತ್ರ ಸಾಕು. ಶಾಕಪ್ ಆದ್ರೆ ಎರಡೂ ಕಡೆ ಒಟ್ಟಿಗೇ ಹಾಕ್ಸಿ, ಒಂದು ಕಡೆ ಗಟ್ಟಿ ಒಂದು ಕಡೆ ಮೆತ್ತಗೆ ಇದ್ರೆ ಬ್ರೇಕ್ ಹೊಡೆದಾಗ ಕಾರು ನೆಟ್ಟಗೆ ನಿಲ್ಲಲ್ಲ.

ಪ್ರ: ಯಾವ ಕಂಪನಿ ಬೇರಿಂಗ್ ತಗೊಳ್ಳೋದು?

ಕಾರು ಕಂಪನಿಯ ಒರಿಜಿನಲ್ ಪಾರ್ಟು, ಇಲ್ಲಾಂದ್ರೆ ಹೆಸರಿರೋ ಬೇರಿಂಗ್ ಕಂಪನಿದು. ಎಸ್‌ಕೆಎಫ್ 1907ರಲ್ಲಿ ಸ್ವೀಡನ್ನಲ್ಲಿ ಶುರುವಾದ ಕಂಪನಿ, ಅವರ ಫ್ಯಾಕ್ಟರಿ ಬೆಂಗಳೂರಲ್ಲೂ ಇದೆ. ಎನ್‌ಬಿಸಿ 1946ರಿಂದ ಜೈಪುರದ್ದು. ಎನ್‌ಟಿಎನ್, ಎನ್‌ಎಸ್‌ಕೆ, ಕೋಯೊ ಜಪಾನಿನವು. ಇವುಗಳಲ್ಲಿ ಯಾವುದಾದ್ರೂ ನಡೆಯುತ್ತೆ, ಸಮಸ್ಯೆ ಇರೋದು ಇವರ ಹೆಸರಲ್ಲಿ ಬರೋ ನಕಲಿ ಮಾಲಲ್ಲಿ. ಬೆಂಗಳೂರಾದ್ರೆ ಜೆ.ಸಿ. ರೋಡಲ್ಲಿ ಸಿಗದ ಪಾರ್ಟಿಲ್ಲ, ಆದ್ರೆ ಅಲ್ಲೂ ಅಧಿಕೃತ ಡೀಲರ್ ಹತ್ರಾನೇ, ಜಿಎಸ್‌ಟಿ ಬಿಲ್ ಸಮೇತ ತಗೊಳ್ಳಿ. ಅರ್ಧ ರೇಟಿಗೆ ಕೊಡ್ತೀನಿ ಅಂದ್ರೆ ಬೇಡ. ಡಬ್ಬಿ ಮೇಲಿನ ನಂಬರ್ರೂ ಬೇರಿಂಗ್ ಮೇಲೆ ಕೆತ್ತಿರೋ ನಂಬರ್ರೂ ಒಂದೇನಾ ನೋಡಿ, ಹಾಕೋವರೆಗೂ ಪ್ಯಾಕಿಂದ ಹೊರಗೆ ತೆಗೀಬೇಡಿ, ಧೂಳು ಸೇರುತ್ತೆ.

ಪ್ರ: ನಿಧಾನವಾಗಿ ಹೋಗ್ವಾಗ ಚಿಕ್ಕ ಚಿಕ್ಕ ಗುಂಡೀಲಿ ಲೊಡಲೊಡ ಅನ್ನುತ್ತೆ, ದೊಡ್ಡ ಹಂಪಲ್ಲಿ ಏನೂ ಇಲ್ಲ.

ಇದು ಹತ್ರಹತ್ರ ಯಾವಾಗ್ಲೂ ಲಿಂಕ್ ರಾಡ್. ಎರಡು ತುದೀಲೂ ಸಣ್ಣ ಬಾಲ್ ಜಾಯಿಂಟ್ ಇರೋ ಒಂದು ಕಡ್ಡಿ ಅದು, ಸ್ಟೆಬಿಲೈಸರ್ ಬಾರನ್ನ (ತಿರುವಲ್ಲಿ ಕಾರು ವಾಲೋದನ್ನ ತಡೆಯೋ ಬಾರ್) ಸ್ಟ್ರಟ್ಟಿಗೆ (ಶಾಕಪ್ಪು ಸ್ಪ್ರಿಂಗು ಒಂದರಲ್ಲೇ ಇರೋ ಕಂಬ) ಸೇರಿಸುತ್ತೆ. ಒಂದು ಚಕ್ರ ಮಾತ್ರ ಏರಿ ಇಳಿದಾಗ ಕೆಲಸ ಮಾಡುತ್ತೆ, ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದ್ರೆ ಅದಕ್ಕೆ ಕೆಲಸ ಇಲ್ಲ, ಅದಕ್ಕೇ ಹಂಪಲ್ಲಿ ಸೈಲೆಂಟು. ಕಮ್ಮಿ ದುಡ್ಡಿನ ಪಾರ್ಟು, ಎರಡು ನಟ್ಟು, ಅಲೈನ್‌ಮೆಂಟೂ ಬೇಡ. ಸೌಂಡ್ ಅದರದ್ದೇನಾ ಅಂತ ಡೌಟಿದ್ರೆ ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿ ಪಕ್ಕಕ್ಕಿಟ್ಟು ಗ್ಯಾರೇಜ್ ಸುತ್ತ ನಿಧಾನವಾಗಿ ಒಂದು ರೌಂಡ್ ಹೊಡೀರಿ, ಸೌಂಡ್ ಹೋದ್ರೆ ಅದೇ. ಬಿಚ್ಚಿಟ್ಟು ಹೈವೇಗೆ ಹೋಗ್ಬೇಡಿ, ತಿರುವಲ್ಲಿ ಕಾರು ಜಾಸ್ತಿ ವಾಲುತ್ತೆ. ಸ್ಟ್ರಟ್ ಹೋಗಿದೆ ಅಂತ ಎಂಟು ಹತ್ತು ಸಾವಿರದ ಎಸ್ಟಿಮೇಟ್ ಕೊಟ್ಟು ಕೊನೆಗೆ ಲಿಂಕ್ ರಾಡ್ ಆಗಿದ್ದು ನಮ್ಮ ಭಾವನ ಕಾರಲ್ಲಿ.

ಪ್ರ: ಹಂಪ್ ಇಳಿದಾಗ, ಬ್ರೇಕ್ ಹೊಡೆದಾಗ ಧಡ್ ಅಂತ ಒಂದೇ ಏಟು ಬರುತ್ತೆ.

ಲೋವರ್ ಆರ್ಮ್ ಬುಶ್ ನೋಡ್ಸಿ, ಅಂದ್ರೆ ಚಕ್ರವನ್ನ ಕಾರಿನ ಬಾಡಿಗೆ ಸೇರಿಸೋ ಕೆಳಗಿನ ಆರ್ಮಿನ ಬುಡದಲ್ಲಿರೋ ರಬ್ಬರು. ರಬ್ಬರ್ ಹರಿದಿದ್ರೆ ಬ್ರೇಕ್ ಹೊಡೆದಾಗ ಆರ್ಮ್ ಹಿಂದಕ್ಕೆ ಹೋಗಿ ಬಡಿಯುತ್ತೆ. ಬುಶ್ ಮಾತ್ರ ಪ್ರೆಸ್ ಮಾಡಿ ಹಾಕಬಹುದು, ಬಾಲ್ ಜಾಯಿಂಟೂ ಹಳೇದಾಗಿದ್ರೆ ಪೂರ್ತಿ ಆರ್ಮ್ ಬದಲಾಯಿಸೋದೇ ಲಾಭ.

ಇಲ್ಲಿ ಒಂದು ವಿಷ್ಯ, ಎಷ್ಟೋ ಗ್ಯಾರೇಜಲ್ಲಿ ಗಮನ ಕೊಡಲ್ಲ. ಬುಶ್ಶಿನ ರಬ್ಬರ್ ಒಳಗಿನ ಕೊಳವೆಗೂ ಹೊರಗಿನದಕ್ಕೂ ಅಂಟಿರುತ್ತೆ, ಅದು ಸುತ್ತಲ್ಲ, ತಿರುಚಿಕೊಳ್ಳುತ್ತೆ ಅಷ್ಟೇ. ಕಾರು ಜಾಕಿ ಮೇಲಿದ್ದು ಚಕ್ರ ಜೋತಾಡ್ತಿರುವಾಗ್ಲೇ ಬೋಲ್ಟ್ ಪೂರ್ತಿ ಬಿಗಿದ್ರೆ, ಕಾರು ಕೆಳಗೆ ಇಳಿದ ಕೂಡ್ಲೇ ರಬ್ಬರ್ ತಿರುಚಿಕೊಂಡೇ ಇರುತ್ತೆ, ನಿಂತಿದ್ದಾಗಲೂ. ಆರು ತಿಂಗಳಿಗೆ ಹರಿಯುತ್ತೆ. ಬೋಲ್ಟ್ ಸಡಿಲ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಂದ್ಮೇಲೆ ಅಥವಾ ಆರ್ಮ್ ಕೆಳಗೆ ಜಾಕಿ ಕೊಟ್ಟು ಅಷ್ಟೇ ಎತ್ತರಕ್ಕೆ ಎತ್ತಿ, ಆಗ ಫೈನಲ್ ಬಿಗಿಸ್ಬೇಕು. ಐದು ನಿಮಿಷದ ಕೆಲಸ. ಅಣ್ಣಾ, ಇಳಿಸಿ ಬಿಗೀರಿ ಅಂತ ಪಕ್ಕದಲ್ಲಿ ನಿಂತು ಹೇಳಿ, ಬೇಜಾರ್ ಮಾಡ್ಕೊಳ್ಳಲ್ಲ.

ಪ್ರ: ಬಾಲ್ ಜಾಯಿಂಟ್ ಸ್ವಲ್ಪ ಲೂಸ್ ಇದೆ ಅಂದ್ರು, ಇರ್ಲಿ ಬಿಡಿ ಅಂದೆ.

ಇರ್ಲಿ ಬಿಡಿ ಅನ್ನೋ ಜಾಗ ಇದಲ್ಲ. ಲಿಂಕ್ ರಾಡ್ ಹೋದ್ರೆ ಸೌಂಡ್ ಬರುತ್ತೆ, ಬುಶ್ ಹೋದ್ರೆ ಟೈರ್ ಸವೆಯುತ್ತೆ, ಬಾಲ್ ಜಾಯಿಂಟ್ ಕಳಚಿದ್ರೆ ಚಕ್ರ ಬುಡದಿಂದ ಮಗುಚಿ ಕಾರು ಅಲ್ಲೇ ನೆಲಕ್ಕೆ ಕೂರುತ್ತೆ, ಸ್ಟೀರಿಂಗ್ ಕೈಯಲ್ಲಿದ್ರೂ ಏನೂ ಮಾಡೋಕಾಗಲ್ಲ. ರೋಡ್ ಪಕ್ಕ ಒಂದು ಚಕ್ರ ಅಡ್ಡ ತಿರುಗಿ ಕೂತಿರೋ ಕಾರುಗಳನ್ನ ನೋಡಿರ್ತೀರ, ಅದರಲ್ಲಿ ಎಷ್ಟೋ ಇದೇ. ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಬಂದಿದ್ರೆ ಒಳಗೆ ಮಣ್ಣು ನೀರು ಸೇರಿದೆ ಅಂತಾನೇ ಲೆಕ್ಕ. ಚಕ್ರ ಎತ್ತಿ ಆರ್ಮ್ ಕೆಳಗೆ ರಾಡ್ ಕೊಟ್ಟು ಮೀಟಿ ನೋಡಿಸಿ, ಆರ್ಮಿಗೂ ನಕಲ್ಲಿಗೂ ಮಧ್ಯೆ ಆಟ ಕಣ್ಣಿಗೆ ಕಂಡ್ರೆ ಅವತ್ತೇ ಬದಲಾಯಿಸಿ. ಟೈ ರಾಡ್ ಎಂಡಿಗೂ ಇದೇ ಮಾತು.

ಪ್ರ: ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದ್ರೆ ಟಂಗ್ ಟಂಗ್ ಅಂತ ಸ್ಪ್ರಿಂಗ್ ಮೀಟಿದ ಹಾಗೆ ಸೌಂಡ್.

ಸ್ಟ್ರಟ್ ಮೌಂಟು. ಸ್ಟ್ರಟ್ಟಿನ ತಲೆ ಮೇಲೆ ರಬ್ಬರು, ಒಂದು ಬೇರಿಂಗು ಇರುತ್ತೆ. ಅದು ತುಕ್ಕು ಹಿಡಿದ್ರೆ ಸ್ಪ್ರಿಂಗ್ ನಯವಾಗಿ ತಿರುಗದೆ ಸಿಕ್ಕಿಹಾಕ್ಕೊಂಡು ಆಮೇಲೆ ಜಿಗಿಯುತ್ತೆ. ಬಾನೆಟ್ ತೆಗೆದು ಸ್ಟ್ರಟ್ ತಲೆ ಮೇಲೆ ಅಥವಾ ಸ್ಪ್ರಿಂಗ್ ಮೇಲೆ ಕೈ ಇಟ್ಟು ಇನ್ನೊಬ್ಬರ ಕೈಲಿ ಸ್ಟೀರಿಂಗ್ ತಿರುಗಿಸಿ, ಕೈಗೇ ಹೊಡೆಯುತ್ತೆ. ಶಾಕಪ್ ಬದಲಾಯಿಸೋವಾಗ ಮೌಂಟೂ ಜೊತೇಲೇ ಹಾಕ್ಸಿ, ಎರಡು ಸಲ ಲೇಬರ್ ಕೊಡೋದು ತಪ್ಪುತ್ತೆ. ಸ್ಪ್ರಿಂಗ್ ಬಿಚ್ಚೋ ಕೆಲಸ ಮಾತ್ರ ಮನೇಲಿ ಬೇಡ್ವೇ ಬೇಡ, ಒತ್ತಿ ಹಿಡಿದಿರೋ ಸ್ಪ್ರಿಂಗ್ ಜಾರಿದ್ರೆ ಪ್ರಾಣಕ್ಕೇ ಅಪಾಯ.

ಅಂದಹಾಗೆ ಈ ಸ್ಟ್ರಟ್ ಅನ್ನೋದು ಅರ್ಲ್ ಮ್ಯಾಕ್‌ಫರ್ಸನ್ ಅನ್ನೋ ಅಮೆರಿಕದ ಇಂಜಿನಿಯರ್ ಡಿಸೈನು. ಶಾಕಪ್ಪು, ಸ್ಪ್ರಿಂಗು, ಚಕ್ರ ತಿರುಗೋ ಕಂಬ ಮೂರೂ ಒಂದರಲ್ಲೇ. ಜಾಗ ಕಮ್ಮಿ, ಖರ್ಚು ಕಮ್ಮಿ, ಅದಕ್ಕೇ ಚಿಕ್ಕ ಕಾರುಗಳ ಮುಂದೆ ಎಲ್ಲಾ ಕಡೆ ಇದೇ. ಅಪ್ಪ ಓಡಿಸ್ತಿದ್ದ ಅಂಬಾಸಿಡರಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗೇ ಇರಲಿಲ್ಲ, ತಿರುಚಿಕೊಳ್ಳೋ ಉದ್ದ ಕಬ್ಬಿಣದ ಬಾರ್ ಇತ್ತು.

ಪ್ರ: ಶಾಕಪ್ ಹೋಗಿದೆ ಅಂತ ಹೆಂಗೆ ನಂಬೋದು?

ಸ್ಟ್ರಟ್ ಮೈ ಮೇಲೆ ಆಯಿಲ್ ಇಳಿದು ಅದಕ್ಕೆ ಧೂಳು ಮೆತ್ಕೊಂಡಿದ್ರೆ ಹೋಗಿದೆ. ಸ್ವಲ್ಪ ತೇವ ಮಾತ್ರ ಇದ್ರೆ ಒರೆಸಿಟ್ಟು ವಾರ ಬಿಟ್ಟು ನೋಡಿ. ಬಾನೆಟ್ ಮೂಲೆ ಒತ್ತಿ ಬಿಟ್ಟಾಗ ಒಂದು ಸಲ ಎದ್ದು ನಿಲ್ಬೇಕು, ಕುಣೀತಾನೇ ಇದ್ರೆ ಹೋಗಿದೆ, ಆದ್ರೆ ಕುಣೀಲಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಗ್ಯಾರಂಟಿ ಇಲ್ಲ. ಟೈರ್ ಅಲ್ಲಲ್ಲಿ ತಟ್ಟೆ ಥರ ತಗ್ಗಾಗಿ ಸವೆದಿದ್ರೆ ಅದೂ ಶಾಕಪ್ ಗುರುತು.

ಪ್ರ: ಪೂರ್ತಿ ಸ್ಟೀರಿಂಗ್ ತಿರುಗಿಸಿ ಆಕ್ಸಿಲರೇಟರ್ ಕೊಟ್ರೆ ಕಟ ಕಟ ಕಟ.

ಬೇರಿಂಗಲ್ಲ, ಡ್ರೈವ್ ಶಾಫ್ಟಿನ (ಗೇರ್‌ಬಾಕ್ಸಿಂದ ಚಕ್ರಕ್ಕೆ ಶಕ್ತಿ ತರೋ ರಾಡ್) ಹೊರಗಿನ ಸಿವಿ ಜಾಯಿಂಟ್, ಅಂದ್ರೆ ಚಕ್ರ ಆಚೀಚೆ ತಿರುಗಿದ್ರೂ ಅದನ್ನ ಓಡಿಸೋ ಕೀಲು. ಬೂಟ್ ಹರಿದು ಗ್ರೀಸ್ ಹೋಗಿರುತ್ತೆ. ಬೂಟ್ ಹರಿದಿದ್ದು ಬೇಗ ಕಂಡ್ರೆ ಬೂಟು ಗ್ರೀಸಲ್ಲೇ ಮುಗಿಯುತ್ತೆ.

ಪ್ರ: 80ರಲ್ಲಿ ಸ್ಟೀರಿಂಗ್ ನಡುಗುತ್ತೆ, 100ಕ್ಕೆ ನಿಲ್ಲುತ್ತೆ.

ಮೊದಲು ವೀಲ್ ಬ್ಯಾಲೆನ್ಸಿಂಗ್, ರಿಮ್ ಬೆಂಡ್ ನೋಡ್ಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದ್ರೆ ಡಿಸ್ಕ್.

ಪ್ರ: ಯಾವ ಕೆಲಸ ಆದ್ಮೇಲೆ ಅಲೈನ್‌ಮೆಂಟ್ ಮಾಡಿಸ್ಬೇಕು?

ಲೋವರ್ ಆರ್ಮು, ಟೈ ರಾಡು, ಸ್ಟ್ರಟ್ಟು ಯಾವುದನ್ನ ಮುಟ್ಟಿದ್ರೂ ಮಾಡಿಸಿ. ಬೇರಿಂಗಿಗೆ ನೇರವಾಗಿ ಸಂಬಂಧ ಇಲ್ಲ, ಆದ್ರೆ ನಕಲ್ ತೆಗೀಬೇಕಾದ್ರೆ ಸ್ಟ್ರಟ್ ಬೋಲ್ಟ್ ಬಿಚ್ಚಿರ್ತಾರೆ, ಅಲ್ಲಿ ಕೂದಲೆಳೆ ವ್ಯತ್ಯಾಸ ಆದ್ರೂ ಕ್ಯಾಂಬರ್, ಅಂದ್ರೆ ಚಕ್ರ ಒಳಕ್ಕೆ ಹೊರಕ್ಕೆ ವಾಲಿರೋ ಕೋನ, ಬದಲಾಗುತ್ತೆ, ಸೋ ಒಂದ್ಸಲ ನೋಡಿಸಿ. ಬುಶ್ಶು ಬಾಲ್ ಜಾಯಿಂಟ್ ಲೂಸ್ ಇಟ್ಕೊಂಡು ಅಲೈನ್‌ಮೆಂಟ್ ಮಾಡ್ಸೋದು ಮಾತ್ರ ದಂಡ, ಮಷೀನಿಂದ ಇಳಿದು ಮೊದಲ ಗುಂಡಿಗೇ ಮತ್ತೆ ಆಚೀಚೆ ಆಗುತ್ತೆ.

ಪ್ರ: ಘಾಟ್ ಇಳಿಯೋ ಟ್ರಿಪ್ ಇದೆ, ಏನು ನೋಡ್ಕೋಬೇಕು?

ಹೊರಡೋಕೆ ಒಂದು ವಾರ ಮುಂಚೆ ಮುಂದಿನ ಎರಡೂ ಚಕ್ರ ಎತ್ತಿ ಮೇಲೆ ಹೇಳಿದ 12–6, 3–9 ನೋಡಿ, ಬೂಟುಗಳನ್ನೆಲ್ಲ ಟಾರ್ಚ್ ಬಿಟ್ಟು ನೋಡಿ, ಹಿಂದಿನ ದಿನ ಬೇಡ, ಏನಾದ್ರೂ ಸಿಕ್ಕಿದ್ರೆ ಮಾಡಿಸೋಕೆ ಟೈಮ್ ಇರಲ್ಲ. ಗಾಳಿ ಎಷ್ಟಿರ್ಬೇಕು ಅಂತ ಡ್ರೈವರ್ ಬಾಗಿಲ ಹತ್ರ ಸ್ಟಿಕ್ಕರಲ್ಲಿ ಇರುತ್ತೆ, ಫುಲ್ ಲೋಡಿಗೆ ಬೇರೆ ಇರುತ್ತೆ. ದಾರೀಲಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಂತಾಗ ಕಾರಿನ ಸುತ್ತ ಒಂದು ಸುತ್ತು ಬಂದು ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡೋದು ನಂಗೆ ಅಭ್ಯಾಸ. ಮುಟ್ಟಬೇಡಿ, ಡಿಸ್ಕ್ ಸುಡುತ್ತೆ, ಹತ್ರ ಹಿಡಿದ್ರೆ ಸಾಕು. ಎಡ ಬಲ ಹೆಚ್ಚುಕಮ್ಮಿ ಒಂದೇ ಬಿಸಿ ಇರ್ಬೇಕು. ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ರೆ ಬ್ರೇಕ್ ಹಿಡ್ಕೊಂಡಿದೆ ಅಥವಾ ಬೇರಿಂಗ್, ಘಾಟ್ ಇಳಿಯೋ ಮುಂಚೆ ಅಲ್ಲೇ ತೋರಿಸಿ.

ಪ್ರ: ಗ್ಯಾರೇಜಲ್ಲಿ ಏನು ಕೇಳ್ಬೇಕು? ನಮಗೇನೂ ಗೊತ್ತಿಲ್ಲ ಅಂತ ಏನೇನೋ ಹೇಳ್ತಾರೆ.

ಸೌಂಡ್ ಬರುತ್ತೆ ನೋಡಿ ಅಂತ ಕೀ ಕೊಟ್ಟು ಬರ್ಬೇಡಿ. ಯಾವ ಸ್ಪೀಡಲ್ಲಿ, ಯಾವ ಕಡೆ ತಿರುಗಿದಾಗ, ಯಾವ ಥರ ರೋಡಲ್ಲಿ ಅಂತ ಮೊದಲೇ ಚೀಟೀಲಿ ಬರ್ಕೊಂಡು ಹೋಗಿ, ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಸೌಂಡ್ ಕೇಳಿಸಿ. ಒಳ್ಳೆ ಮೆಕ್ಯಾನಿಕ್ಕಿಗೆ ಇದು ಖುಷೀನೇ, ಅವರಿಗೂ ಅರ್ಧ ಕೆಲಸ ಉಳಿಯುತ್ತೆ. ಪ್ರೆಸ್ ಇದ್ಯಾ, ಟಾರ್ಕ್ ರೆಂಚ್ ಇದ್ಯಾ ಅಂತ ನೇರವಾಗಿ ಕೇಳಿ, ಪ್ರೆಸ್ ಇಲ್ಲ ಅಂದ್ರೆ ನಕಲ್ಲನ್ನ ಲೇತಿಗೆ ಕಳಿಸಿ ಹಾಕಿಸಿ, ಎಷ್ಟಾಗುತ್ತೋ ಕೊಡ್ತೀನಿ ಅನ್ನಿ. ಹಳೇ ಪಾರ್ಟ್ ವಾಪಸ್ ಕೇಳಿ ಇಸ್ಕೊಳ್ಳಿ. ದುಡ್ಡು ಕೊಡೋ ಮುಂಚೆ ಅದೇ ಮೆಕ್ಯಾನಿಕ್ ಜೊತೆ, ಸೌಂಡ್ ಬಂದಿದ್ದ ಅದೇ ರೋಡಲ್ಲಿ, ಅದೇ ಸ್ಪೀಡಲ್ಲಿ, ಎಫ್‌ಎಂ ಆಫ್ ಮಾಡಿ ಕಿಟಕಿ ಇಳಿಸಿ ಒಂದು ರೌಂಡ್ ಹೋಗ್ಬನ್ನಿ.